ಅಂಕಪಟ್ಟಿಯೇ ಅಂತಿಮ ತೀರ್ಪಲ್ಲ

ದ್ವಿತೀಯ ಪಿಯುಸಿ ಫಲಿತಾಂಶ ಪ್ರಕಟವಾದೊಡನೆ ಗಜೇಂದ್ರಗಡದಂತಹ ಊರುಗಳ ಎಷ್ಟೋ ಮನೆಗಳಲ್ಲಿ ಮೌನ ಆವರಿಸುತ್ತದೆ. ನಿರೀಕ್ಷಿತ ಅಂಕ ಬಾರದ ಮಗನನ್ನು ಮಗ್ಗಕ್ಕೋ ಗ್ಯಾರೇಜಿಗೋ ಕಳುಹಿಸುವ, ಮಗಳಿಗೆ ವರನನ್ನು ಹುಡುಕುವ ಆತುರ ಅಲ್ಲಿಂದಲೇ ಆರಂಭವಾಗುತ್ತದೆ. ದುಡಿಮೆಯೂ ವಿವಾಹವೂ ಗೌರವದ ಸಂಗತಿಗಳೇ; ಆದರೆ ಅವು ಸೋಲಿಗೆ ವಿಧಿಸುವ ಶಿಕ್ಷೆಯಾಗಬಾರದು.

ವಾಸ್ತವದಲ್ಲಿ ಬಾಗಿಲುಗಳು ಮುಚ್ಚಿರುವುದಿಲ್ಲ. 2024ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಪರೀಕ್ಷೆ ಬರೆದು, ಉತ್ತಮ ಅಂಕಗಳನ್ನು ಉಳಿಸಿಕೊಳ್ಳುವ ಅವಕಾಶವಿದೆ. ನಮ್ಮ ಜಿಲ್ಲೆಯ ಕಾಲೇಜುಗಳು ಸೇರಿರುವ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಬಿ.ಎ.ಯಂತಹ ಪದವಿಗೆ ಮುಖ್ಯವಾಗಿ ಬೇಕಾದುದು ಉತ್ತೀರ್ಣತೆಯೇ ಹೊರತು ಉನ್ನತ ಶ್ರೇಣಿಯಲ್ಲ. ದುಡಿಯಲೇಬೇಕಾದವರಿಗೆ 1996ರಲ್ಲಿ ಸ್ಥಾಪನೆಯಾದ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಿದೆ.

ಸಬ್ರ್ ಎಂದರೆ ವಿಧಿಯನ್ನು ಹಳಿಯುತ್ತ ಕೈಕಟ್ಟಿ ಕೂರುವುದಲ್ಲ. ಎಡವಿದಲ್ಲಿಂದಲೇ ಎದ್ದು ನಡೆಯುವುದು. ಅರ್ಜಿಯ ಕೊನೆಯ ದಿನಾಂಕ ಮಾತ್ರ ಯಾರಿಗೂ ಕಾಯುವುದಿಲ್ಲ. ಆದ್ದರಿಂದ ಮಸೀದಿಯ ಜಮಾಅತ್‌ಗಳು ಉನ್ನತ ಅಂಕ ಪಡೆದವರಿಗೆ ಶಾಲು ಹೊದಿಸಿದ ದಿನವೇ, ಹಿಂದುಳಿದ ಮಕ್ಕಳನ್ನೂ ಕರೆದು ಕೂರಿಸಿ ಅವರ ಅರ್ಜಿ ತುಂಬಿಸಲಿ. ಗೆದ್ದವರಿಗೆ ಸನ್ಮಾನ ಸಾಕು. ಸೋತವರಿಗೆ ಸಮುದಾಯವೇ ಬೇಕು.