ಸೊಂಟದೊಳಗಿನ ಒರೆ: ತೊಗಲೋ, ಪ್ಲಾಸ್ಟಿಕ್ಕೋ?

ಸೊಂಟಕ್ಕೆ ಏನನ್ನಾದರೂ ಸಿಕ್ಕಿಸಿಕೊಂಡು ತಿರುಗುವುದು ನಮ್ಮ ಸೀಮೆಯವರಿಗೆ ಹೊಸತಲ್ಲ. ಎಲೆಯಡಿಕೆಯ ಚಂಚಿ, ಸಂತೆಗೆ ಹೊರಟವನ ದುಡ್ಡಿನ ಚೀಲ, ಹೊಲಕ್ಕೆ ಹೋಗುವವನ ಕುಡುಗೋಲು ಇವೆಲ್ಲ ಧೋತರದ ಮಡಿಕೆಯಲ್ಲಿಯೋ ಉಡದಾರದ ಆಸರೆಯಲ್ಲಿಯೋ ತಲೆಮಾರುಗಳಿಂದ ಸಾಗಿ ಬಂದಿವೆ. ಈ ತಿಂಗಳು ನಾವು ಎತ್ತಿಕೊಂಡಿರುವ ವಸ್ತು ಮಾತ್ರ ಅಷ್ಟು ಸಾಧುವಾದುದಲ್ಲ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಕನ್ನಡ ಮನೆಗಳ ಮಕ್ಕಳು ಕೆಲವರು ಅಮೆರಿಕದಲ್ಲಿ ಬಹುಕಾಲದಿಂದ ನೆಲೆಸಿದ್ದಾರೆ. ಅವರಲ್ಲಿ ಒಬ್ಬಿಬ್ಬರು ಅಲ್ಲಿನ ರೂಢಿಯಂತೆ ಪಿಸ್ತೂಲನ್ನು ಅಂಗಿಯ ಮರೆಯಲ್ಲಿ, ಪ್ಯಾಂಟಿನ ಸೊಂಟಪಟ್ಟಿಯ ಒಳಗೆ ಧರಿಸಿಕೊಂಡು ಓಡಾಡುವುದುಂಟು. ಅದು ಸೊಂಟವನ್ನು ಒತ್ತುತ್ತದೆ, ಬೆವರಿಗೆ ಚರ್ಮ ಸುಲಿಯುತ್ತದೆ, ಯಾವ ಬಗೆಯ ಒರೆ ಹಿತವಾದೀತು ಎಂಬ ಪ್ರಶ್ನೆ ಅಂತಹ ಮನೆಗಳಿಂದ ನಮ್ಮವರೆಗೂ ಬಂದಿದೆ. ಪಿಸ್ತೂಲು ಧರಿಸದೆ ಬಾಳುವುದೇ ಮೇಲೆಂಬುದು ನಮ್ಮ ಅಭಿಮತ. ಆದರೆ ಕೇಳಿದ ಪ್ರಶ್ನೆ ಅದಲ್ಲವಾದ್ದರಿಂದ ಅದನ್ನು ಇಲ್ಲಿಗೇ ಬಿಡುತ್ತೇವೆ.

ಒರೆಯ ಮಾತಿಗೆ ಮುನ್ನ ಕಾನೂನಿನ ಮಾತೊಂದನ್ನು ಹೇಳಲೇಬೇಕು. ಟೆಕ್ಸಾಸ್ ರಾಜ್ಯದಲ್ಲಿ 2021ರ ಸೆಪ್ಟೆಂಬರ್ 1ರಿಂದ, ಪಿಸ್ತೂಲು ಹೊಂದಲು ಅರ್ಹತೆಯುಳ್ಳ 21 ವರ್ಷ ತುಂಬಿದವರು ಪ್ರತ್ಯೇಕ ಪರವಾನಗಿಯಿಲ್ಲದೆಯೇ ಅದನ್ನು ಧರಿಸಬಹುದಾಗಿದೆ. ಇದನ್ನು ಕೇಳಿದ ನಮ್ಮ ಹುಡುಗರು ತಮಗೂ ಅಡ್ಡಿಯಿಲ್ಲವೆಂದು ಭಾವಿಸಿದರೆ ಅದು ಅಪಾಯಕ್ಕೆ ದಾರಿ. ಎಚ್‌-1ಬಿ, ವಿದ್ಯಾರ್ಥಿ ವೀಸಾ ಮುಂತಾದ ತಾತ್ಕಾಲಿಕ ವೀಸಾಗಳ ಮೇಲೆ ಅಲ್ಲಿರುವವರು ಬಂದೂಕನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳುವುದನ್ನು ಅಲ್ಲಿಯ ಒಕ್ಕೂಟ ಸರಕಾರದ ಕಾಯಿದೆಯು ನಿಷೇಧಿಸುತ್ತದೆ. ಬೇಟೆಯ ಪರವಾನಗಿಯುಳ್ಳವರಿಗೆ ಮುಂತಾಗಿ ಕೆಲವೇ ವಿನಾಯಿತಿಗಳಿವೆ. ರಾಜ್ಯದ ಸಡಿಲಿಕೆಯು ಈ ನಿಷೇಧವನ್ನು ತೊಡೆದುಹಾಕದು. ಗ್ರೀನ್ ಕಾರ್ಡ್ ಪಡೆದವರ ಮತ್ತು ಅಲ್ಲಿಯ ಪೌರರಾದವರ ಮಾತು ಬೇರೆ. ಮುಂದಿನ ಬರಹ ಅಂತಹವರಿಗಾಗಿ, ಮತ್ತು ಅವರ ಚಿಂತೆಯಲ್ಲಿರುವ ಇಲ್ಲಿಯ ತಾಯಿತಂದೆಗಳಿಗಾಗಿ.

ಒರೆಯೆಂದರೆ ಪಿಸ್ತೂಲನ್ನು ತೂಗುಹಾಕುವ ಚೀಲವಷ್ಟೇ ಎಂದು ತಿಳಿಯುವವರು ಬಹಳ. ವಾಸ್ತವದಲ್ಲಿ ಅದರ ಮೊದಲ ಕೆಲಸ ಟ್ರಿಗರನ್ನು ಮುಚ್ಚುವುದು. ಆಸ್ಟ್ರಿಯದ ಸೈನ್ಯವು 1982ರಲ್ಲಿ ಅಂಗೀಕರಿಸಿದ ಗ್ಲಾಕ್ ಪಿಸ್ತೂಲು, ಅದರ ಹಿಂದೆಯೇ ಬಂದ ಅದೇ ಮಾದರಿಯ ಅನೇಕ ಪಿಸ್ತೂಲುಗಳು, ಹೆಬ್ಬೆರಳಿನಿಂದ ಸರಿಸುವ ಹೊರಬೀಗವಿಲ್ಲದವು. ಟ್ರಿಗರಿನ ಮೇಲೆ ಒತ್ತಡ ಬಿದ್ದರೆ ಗುಂಡು ಹಾರುತ್ತದೆ. ಒತ್ತಿದ್ದು ಬೆರಳೋ, ಅಂಗಿಯ ಚುಂಗೋ, ಒರೆಯದೇ ತೊಗಲಿನ ಮಡಿಕೆಯೋ ಎಂಬ ವಿವೇಚನೆ ಯಂತ್ರಕ್ಕಿಲ್ಲ. ಪ್ಯಾಂಟಿನೊಳಗೆ ಧರಿಸಿದಾಗ ಅದರ ನಳಿಕೆಯು ತೊಡೆಯ ಕಡೆಗೋ ಕಿಬ್ಬೊಟ್ಟೆಯ ಕಡೆಗೋ ಮುಖಮಾಡಿರುತ್ತದೆ, ಮತ್ತು ತೊಡೆಯ ಮಹಾರಕ್ತನಾಳವು ಅಲ್ಲಿಂದ ದೂರವಿಲ್ಲ.

ಇದಕ್ಕೆ ನಿದರ್ಶನವಾಗಿ ಅಮೆರಿಕದ ಫುಟ್‌ಬಾಲ್ ಆಟಗಾರ ಪ್ಲಾಕ್ಸಿಕೊ ಬರೆಸ್ ಅವರ ಪ್ರಕರಣವನ್ನು ನೆನೆಯಬಹುದು. 2008ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ಒಂದು ರಾತ್ರಿ ಕ್ಲಬ್ಬಿನಲ್ಲಿ, ಯಾವ ಒರೆಯೂ ಇಲ್ಲದೆ ಸಡಿಲವಾದ ಪ್ಯಾಂಟಿನ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಅವರ ಗ್ಲಾಕ್ ಪಿಸ್ತೂಲು ಕಾಲಿನತ್ತ ಜಾರಿತು. ಅದನ್ನು ಹಿಡಿಯಹೋದಾಗ ಗುಂಡು ಹಾರಿ ಅವರದೇ ತೊಡೆಯನ್ನು ಹೊಕ್ಕಿತು. ಜೀವ ಉಳಿಯಿತು. ಆದರೆ ನ್ಯೂಯಾರ್ಕಿನಲ್ಲಿ ಅದನ್ನು ಧರಿಸಲು ಪರವಾನಗಿಯಿರಲಿಲ್ಲವಾಗಿ ಎರಡು ವರ್ಷದ ಸೆರೆವಾಸದ ಶಿಕ್ಷೆಯಾಯಿತು. ಬಿಡುಗಡೆಯಾದದ್ದು 2011ರ ಜೂನ್‌ನಲ್ಲಿ. ಯಾವ ವಸ್ತುವಿನ ಒರೆಯಾದರೂ, ಟ್ರಿಗರನ್ನು ಮುಚ್ಚಿ ಬಿಗಿಯಾಗಿ ಹಿಡಿಯುವಂತಹುದು ಅಲ್ಲಿದ್ದಿದ್ದರೆ ಪಿಸ್ತೂಲು ಜಾರುತ್ತಿರಲಿಲ್ಲ.

ಇನ್ನು ವಸ್ತುಗಳ ವಿಚಾರ. ತೊಗಲಿನ ಗುಣವನ್ನು ನಮ್ಮ ವಾಚಕರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆತಾಗ ಮಹಾರಾಷ್ಟ್ರದ ನಾಲ್ಕು, ಕರ್ನಾಟಕದ ನಾಲ್ಕು ಜಿಲ್ಲೆಗಳು ಅದರಲ್ಲಿ ಸೇರಿದವು. ನಮ್ಮ ಸೊಲ್ಲಾಪುರವೂ ಅವುಗಳಲ್ಲೊಂದು. ಗಡಿಯ ಗೆರೆಯು ಭಾಷೆಯನ್ನು ಎಳೆದಾಡಿದರೂ ಕಾಲ್ಮರಿಯನ್ನು ಎರಡು ಮಾಡಲಾರದೆ ಹೋಯಿತೆಂಬುದು ನಮಗೆ ಸಂತೋಷದ ಸಂಗತಿ. ಜಾಲಿಯ ತೊಗಟೆ, ಅಳಲೆಕಾಯಿಗಳ ಒಗರಿನಲ್ಲಿ ಹದವಾದ ಆ ತೊಗಲು ಮೊದಲ ವಾರ ಕಾಲನ್ನು ಕಚ್ಚುತ್ತದೆ, ಬಳಿಕ ಧರಿಸಿದವನ ಪಾದದ ಅಚ್ಚನ್ನೇ ತಳೆಯುತ್ತದೆ. ಒಳ್ಳೆಯ ಪಿಸ್ತೂಲಿನ ಒರೆಗೆ ಬಳಸುವುದೂ ಇಂತಹ ಸಸ್ಯರಸದಲ್ಲಿ ಹದಮಾಡಿದ ತೊಗಲನ್ನೇ. ಸಾಮಾನ್ಯವಾಗಿ ಎರಡೂವರೆಯಿಂದ ಮೂರು ಮಿಲಿಮೀಟರ್ ದಪ್ಪದ ತೊಗಲನ್ನು ನೀರಿನಲ್ಲಿ ನೆನೆಸಿ, ಪಿಸ್ತೂಲಿನ ಆಕಾರದ ಅಚ್ಚಿನ ಮೇಲೆ ಒತ್ತಿ, ಒಣಗಿಸಿ ಗಟ್ಟಿಮಾಡುತ್ತಾರೆ. ಕ್ರೋಮಿಯಂ ಲವಣಗಳಲ್ಲಿ ಬೇಗನೆ ಹದಮಾಡಿದ ಮೆತ್ತನೆಯ ತೊಗಲು ಮುಟ್ಟಲು ಹಿತವಾದರೂ ಹೀಗೆ ಅಚ್ಚನ್ನು ಹಿಡಿದಿಡುವುದಿಲ್ಲ. ಅಂಗಡಿಯಲ್ಲಿ ಅಂಗೈಗೆ ಹಿತವೆನಿಸಿತೆಂದು ಮೆತ್ತನೆಯ ಒರೆಯನ್ನು ಕೊಳ್ಳುವುದು ಆದುದರಿಂದ ಜಾಣತನವಲ್ಲ.

ಮೈಗೆ ಒಗ್ಗುವುದರಲ್ಲಿ ತೊಗಲಿಗೆ ಸಮನಾದುದಿಲ್ಲ. ಧರಿಸಿದವನ ಸೊಂಟದ ಬಾಗಿಗೆ ತಾನೂ ಬಾಗುತ್ತದೆ, ಸದ್ದುಮಾಡದು, ಪಿಸ್ತೂಲಿನ ಮೆರುಗನ್ನು ಕೆರೆಯದು. ದೋಷವೂ ಅದೇ ಗುಣದಲ್ಲಿ ಅಡಗಿದೆ. ದಿನವೂ ಬೆವರನ್ನು ಕುಡಿಯುವ ತೊಗಲು ವರ್ಷಗಳಲ್ಲಿ ಸಡಿಲಾಗುತ್ತದೆ. ಪಿಸ್ತೂಲನ್ನು ಹೊರತೆಗೆದೊಡನೆ ಸೊಂಟಪಟ್ಟಿಯ ಒತ್ತಡಕ್ಕೆ ಒರೆಯ ಬಾಯಿ ಮುಚ್ಚಿಕೊಳ್ಳುತ್ತದೆ. ಆಗ ಪಿಸ್ತೂಲನ್ನು ಒಳಗೆ ತಳ್ಳಿದರೆ, ಮಡಿಚಿಕೊಂಡ ಅಂಚು ಟ್ರಿಗರಿನ ಬಳೆಯೊಳಗೆ ನುಗ್ಗಿ ಬೆರಳಿನ ಕೆಲಸವನ್ನು ತಾನೇ ಮಾಡಬಹುದು. ಇದು ಕಲ್ಪನೆಯ ಭಯವಲ್ಲ. ಹಳೆಯ ಒರೆಗಳಿಂದ ಹೀಗೆ ಗುಂಡು ಹಾರಿದ್ದುಂಟು. ಕ್ಯಾಲಿಫೋರ್ನಿಯದಲ್ಲಿ ಮಾದಕವಸ್ತು ಪತ್ತೆಯ ಅಧಿಕಾರಿಯಾಗಿದ್ದ ಬ್ರೂಸ್ ನೆಲ್ಸನ್ ಎಂಬವರು ‘ಸಮ್ಮರ್ ಸ್ಪೆಷಲ್’ ಎಂಬ ಹೆಸರಿನ ಒಳಸೊಂಟದ ಒರೆಯನ್ನು ರೂಪಿಸಿದಾಗ ಅದರ ಬಾಯಿಗೆ ತೊಗಲಿನ ಪದರಗಳ ನಡುವೆ ಲೋಹದ ಪಟ್ಟಿಯನ್ನು ಸೇರಿಸಿದರು. ತೊಗಲಿನ ಒರಟು ಮೈಯನ್ನು ಹೊರಮುಖ ಮಾಡಿದರು. ಪಟ್ಟಿಯಿಂದ ಬಾಯಿ ತೆರೆದೇ ಇರುತ್ತದೆ, ಒರಟು ಮೈ ಬಟ್ಟೆಯನ್ನು ಹಿಡಿದುಕೊಂಡು ಒರೆ ಜಾರದಂತೆ ಮಾಡುತ್ತದೆ. ತೊಗಲನ್ನೇ ಬಯಸುವವರು ಬಾಯಿಗೆ ಇಂತಹ ಬಲವರ್ಧನೆಯಿಲ್ಲದ ಒರೆಯನ್ನು ಮುಟ್ಟಬಾರದೆಂದು ನಾವು ಖಂಡಿತವಾಗಿ ಹೇಳುತ್ತೇವೆ. ಕುದುರೆಯ ತೊಗಲು ದನದ ತೊಗಲಿಗಿಂತ ಬಿಗಿಯಾದ ನೇಯ್ಗೆಯುಳ್ಳದ್ದು. ಬೆವರನ್ನು ಇನ್ನಷ್ಟು ತಾಳುತ್ತದೆ, ಬೆಲೆಯೂ ಹೆಚ್ಚು. ಯಾವುದಾದರೂ ಸರಿ, ಮೆತ್ತಗಾಗಲೆಂದು ಎಣ್ಣೆ ಹಚ್ಚುವುದು ಬೇಡ. ಎಣ್ಣೆಯಿಂದ ಚಪ್ಪಲಿಗೆ ಬರುವ ಆಯುಷ್ಯ ಒರೆಗೆ ಬರುವುದಿಲ್ಲ.

ಕೈಡೆಕ್ಸ್ ಎಂಬುದು ಅಕ್ರಿಲಿಕ್ ಮತ್ತು ಪಿ.ವಿ.ಸಿ.ಗಳನ್ನು ಕೂಡಿಸಿದ ಗಟ್ಟಿ ಪ್ಲಾಸ್ಟಿಕ್ಕು. ರೋಮ್ ಅಂಡ್ ಹಾಸ್ ಕಂಪನಿಯು 1965ರಲ್ಲಿ ಇದನ್ನು ವಿಮಾನಗಳ ಒಳಮೈಯ ಹೊದಿಕೆಗೆಂದು ತಯಾರಿಸಿತು. 1970ರ ದಶಕದಲ್ಲಿ ಒರೆಗಳಿಗೆ ಬಂತು. ಸುಮಾರು ಎರಡು ಮಿಲಿಮೀಟರ್ ದಪ್ಪದ ಹಾಳೆಯನ್ನು ಕಾಯಿಸಿ ಪಿಸ್ತೂಲಿನ ಅಚ್ಚಿನ ಮೇಲೆ ಒತ್ತಿದರೆ ಅದೇ ಆಕಾರದಲ್ಲಿ ಉಳಿಯುತ್ತದೆ. ಬೆವರನ್ನು ಹೀರದು, ತೊಳೆದು ಒರಸಿದರೆ ಮುಗಿಯಿತು. ಬಾಯಿ ಎಂದೂ ಮುಚ್ಚಿಕೊಳ್ಳದು. ಪಿಸ್ತೂಲು ಕುಳಿತಾಗ ‘ಟಿಕ್’ ಎಂಬ ಸದ್ದಿನಿಂದ ತಿಳಿಸುತ್ತದೆ. ಹಿಡಿತದ ಬಿಗಿಯನ್ನು ತಿರುಪಿನಿಂದ ಹೆಚ್ಚುಕಡಿಮೆ ಮಾಡಬಹುದು. ಮೈಗೆ ಮಾತ್ರ ಒಗ್ಗುವುದಿಲ್ಲ. ಹೊಸತಿದ್ದಾಗ ಎಷ್ಟು ಗಡುಸೋ ಹತ್ತು ವರ್ಷದ ಬಳಿಕವೂ ಅಷ್ಟೇ ಗಡುಸು. ಒಳಗೆ ದೂಳು ಸೇರಿದರೆ ಉಪ್ಪುಕಾಗದದಂತೆ ಪಿಸ್ತೂಲಿನ ಮೈಯನ್ನು ಉಜ್ಜುತ್ತದೆ, ಟೆಕ್ಸಾಸಿನ ಬೇಸಗೆಯಲ್ಲಿ ಮುಚ್ಚಿದ ಕಾರಿನ ಗಾಜಿನ ಬಳಿ ಬಿಟ್ಟರೆ ಸೊಟ್ಟಗಾಗಲೂಬಹುದು.

ನೈಲಾನ್ ಬಟ್ಟೆಯ ಒರೆಗಳು ಅಗ್ಗ, ಹಗುರ, ಹತ್ತು ಬಗೆಯ ಪಿಸ್ತೂಲಿಗೆ ಒಂದೇ ಒರೆ ಎಂದು ಮಾರಲ್ಪಡುವಂತಹವು. ಎಲ್ಲಕ್ಕೂ ಹೊಂದುವುದು ಯಾವುದಕ್ಕೂ ಸರಿಯಾಗಿ ಹೊಂದುವುದಿಲ್ಲ. ಬಟ್ಟೆಯ ಮೇಲಿಂದಲೇ ಟ್ರಿಗರನ್ನು ಒತ್ತಬಹುದಾದಷ್ಟು ಮೆತ್ತಗಿರುವವೂ ಉಂಟು. ಇವುಗಳ ಬಗೆಗೆ ಇದಕ್ಕಿಂತ ಹೆಚ್ಚು ಬರೆಯುವುದು ಕಾಗದದ ದಂಡ.

ಮೈಗೆ ತಾಗುವ ಕಡೆ ಅಗಲವಾದ ತೊಗಲು ಅಥವಾ ಮುಳುಗುಗಾರರು ತೊಡುವ ಉಡುಪಿನ ನಿಯೋಪ್ರೀನ್ ರಬ್ಬರು, ಹೊರಕಡೆ ಕೈಡೆಕ್ಸಿನ ಚಿಪ್ಪು, ಹೀಗೆ ಎರಡನ್ನೂ ಜೋಡಿಸಿದ ಮಿಶ್ರ ಒರೆಗಳೂ ಇವೆ. ಮೊದಲ ದಿನದ ಹಿತವನ್ನೇ ಅಳತೆಗೋಲಾಗಿ ಹಿಡಿದರೆ ಇವೇ ಗೆಲ್ಲುತ್ತವೆ. ಭಾರವು ಅಗಲಕ್ಕೆ ಹಂಚಿಹೋಗುತ್ತದೆ. ಆದರೆ ಹಿಂಬದಿಯ ಮೆತ್ತೆ ಕಾಲಕ್ರಮದಲ್ಲಿ ಜೋತುಬಿದ್ದರೆ ತೊಗಲಿನ ಒರೆಯ ದೋಷವೇ ಇಲ್ಲಿಯೂ ತಲೆದೋರುತ್ತದೆ. ನಿಯೋಪ್ರೀನ್ ಶಾಖವನ್ನು ಹಿಡಿದಿಡುವುದರಿಂದ ಬೆವರು ಹೆಚ್ಚು, ಕೆಲವರ ಮೈಗೆ ಅದು ತುರಿಕೆಯನ್ನೂ ತರುತ್ತದೆ.

ಇಷ್ಟನ್ನೂ ತೂಗಿ ನೋಡಿದಾಗ ನಾವು ಕೈಡೆಕ್ಸಿನ ಪಕ್ಷ. ಹಾಗಾದರೆ ಒತ್ತುವ, ಸುಲಿಯುವ ತೊಂದರೆಗೆ ಪರಿಹಾರವೇನು ಎಂದು ಕೇಳಬಹುದು. ಆ ತೊಂದರೆಯಲ್ಲಿ ಒರೆಯ ವಸ್ತುವಿನ ಪಾಲು ಜನ ತಿಳಿದಷ್ಟು ದೊಡ್ಡದಲ್ಲ. ಗುಂಡು ತುಂಬಿದ ಮಧ್ಯಮ ಗಾತ್ರದ ಪಿಸ್ತೂಲು ಮುಕ್ಕಾಲು ಕಿಲೋಗ್ರಾಮಿಗಿಂತ ಹೆಚ್ಚು ತೂಗುತ್ತದೆ. ಅದನ್ನು ಮೆತ್ತನೆಯ, ತೆಳುವಾದ ಬೆಲ್ಟಿಗೆ ಸಿಕ್ಕಿಸಿದರೆ ಬೆಲ್ಟು ಜೋಲುತ್ತದೆ. ಜೋಲದಿರಲೆಂದು ಇನ್ನೊಂದು ತೂತು ಬಿಗಿಯುತ್ತಾರೆ. ಬಿಗಿದಷ್ಟೂ ಒರೆ ಎಲುಬಿಗೆ ಒತ್ತುತ್ತದೆ. ಒಂದೂವರೆ ಅಂಗುಲ ಅಗಲದ ಗಟ್ಟಿಯಾದ ಬೆಲ್ಟು, ಸೊಂಟದ ಅಳತೆಗಿಂತ ಒಂದೆರಡು ಅಂಗುಲ ದೊಡ್ಡದಾದ ಪ್ಯಾಂಟು, ಒರೆಗೂ ಮೈಗೂ ನಡುವೆ ಒಂದು ಹತ್ತಿಯ ಬನಿಯನ್ನು ಇದ್ದರೆ ತೊಂದರೆಯ ಬಹುಪಾಲು ಕಡಿಮೆಯಾಗುತ್ತದೆ. ಕೈಡೆಕ್ಸಿನ ಅಂಚು ಚುಚ್ಚಿದರೆ ಉಪ್ಪುಕಾಗದದಿಂದ ಉಜ್ಜಿ ಗುಂಡಗೆ ಮಾಡಬಹುದು. ಮೈಕಡೆಗೆ ಸಣ್ಣದೊಂದು ಸ್ಪಂಜಿನ ಮೆತ್ತೆಯನ್ನು ಅಂಟಿಸಬಹುದು. ಧರಿಸುವ ಜಾಗವನ್ನು ಒಂದೆರಡು ಬೆರಳಿನಷ್ಟು ಸರಿಸುವುದೂ ಫಲಕೊಡುತ್ತದೆ: ಕುಳಿತೇ ಕೆಲಸಮಾಡುವವರಿಗೆ, ದಿನವಿಡೀ ಕಾರು ನಡೆಸುವವರಿಗೆ, ಹೊಟ್ಟೆ ಮುಂದಕ್ಕೆ ಬಂದವರಿಗೆ ಹಿತವಾದ ಜಾಗ ಒಂದೇ ಆಗಿರದು. ಹೀಗೆ ಗಡುಸಾದುದನ್ನು ಹಿತವಾಗಿಸುವ ಉಪಾಯಗಳು ಹಲವಿವೆ. ಬಾಯಿ ಮುಚ್ಚಿಕೊಳ್ಳುವ ಮೆತ್ತನೆಯ ಒರೆಯನ್ನು ಕ್ಷೇಮವಾಗಿಸುವ ಉಪಾಯವನ್ನು ನಾವು ಕಾಣೆವು.

ಕೊಂಡ ಒರೆಯನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಪಿಸ್ತೂಲಿನಿಂದ ಗುಂಡುಗಳನ್ನೆಲ್ಲ ತೆಗೆದು, ನಳಿಕೆಯ ಕೋಣೆಯೂ ಬರಿದಾಗಿದೆಯೆಂದು ಎರಡು ಬಾರಿ ನೋಡಿ, ಗುಂಡುಗಳನ್ನು ಬೇರೆ ಕೋಣೆಯಲ್ಲಿಟ್ಟು ಬರಬೇಕು. ಬರಿಯ ಪಿಸ್ತೂಲನ್ನು ಒರೆಯಲ್ಲಿಟ್ಟು, ಹಾಸಿಗೆಯ ಮೇಲೆ ಬೋರಲು ಹಿಡಿದು ಅಲುಗಿಸಿದರೆ ಅದು ಬೀಳಬಾರದು. ಹೊರಗಿನಿಂದ ಹೆಬ್ಬೆರಳಿನಲ್ಲಿ ಎಷ್ಟು ಒತ್ತಿದರೂ ಟ್ರಿಗರು ಅಲುಗಬಾರದು. ಸೊಂಟದಲ್ಲಿ ಧರಿಸಿ, ಪಿಸ್ತೂಲನ್ನು ತೆಗೆದ ಬಳಿಕ ಒರೆಯ ಬಾಯಿ ತೆರೆದೇ ಇರಬೇಕು. ಈ ಮೂರರಲ್ಲಿ ಒಂದಕ್ಕೆ ಸೋತರೂ, ಅದು ಎಷ್ಟೇ ಹಿತವಾಗಿರಲಿ, ಎಷ್ಟೇ ಬೆಲೆಬಾಳಲಿ, ಅದನ್ನು ಕತ್ತರಿಸಿ ಎಸೆಯುವುದೇ ಸರಿ. ಇನ್ನೊಬ್ಬರಿಗೆ ದಾನ ಮಾಡುವುದೂ ಬೇಡ. ಪಿಸ್ತೂಲನ್ನು ಒರೆಗೆ ಮರಳಿಸುವಾಗ ಅವಸರಕ್ಕೆ ಕಾರಣವೇ ಇಲ್ಲ: ಅಂಗಿಯನ್ನು ಪೂರ್ತಿ ಮೇಲೆತ್ತಿ, ಕಣ್ಣಾರೆ ನೋಡಿ, ಬೆರಳನ್ನು ಟ್ರಿಗರಿನಿಂದ ದೂರವಿಟ್ಟು ನಿಧಾನವಾಗಿ ಇಳಿಸತಕ್ಕದ್ದು.

ನಮ್ಮ ದೇಶದಲ್ಲಿ ಪರವಾನಗಿ ಪಡೆದ ಪಿಸ್ತೂಲುಳ್ಳ ವಾಚಕರಿಗೂ ಒರೆಯ ಮಾತು ಸಲ್ಲುತ್ತದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಪಿಸ್ತೂಲನ್ನು ಒಯ್ಯುವವರು ಅದಕ್ಕೆಂದೇ ಮಾಡಿದ ಒರೆಯಲ್ಲಿ ಅಥವಾ ಬೆನ್ನಿನ ಚೀಲದಂತಹ ಸಾಧನದಲ್ಲಿ, ಸಂಪೂರ್ಣ ಮುಚ್ಚಿದಂತೆ, ತಮ್ಮ ಹತೋಟಿಯಲ್ಲಿರುವಂತೆ ಒಯ್ಯಬೇಕು. ಮದುವೆಯ ಮೆರವಣಿಗೆಗಳಲ್ಲಿ ಧೋತರದ ಗಂಟಿಗೆ ಸಿಕ್ಕಿಸಿಕೊಂಡು ಮೆರೆಯುವ ದೊಡ್ಡಮನುಷ್ಯರು ಇದನ್ನು ಗಮನಿಸಬೇಕು.

ರಾತ್ರಿ ಮನೆಗೆ ಬಂದ ಮೇಲೆ ಪಿಸ್ತೂಲನ್ನು ಒರೆಯ ಸಮೇತ ಸೊಂಟದಿಂದ ಬಿಡಿಸುವುದು ಉತ್ತಮ, ಏಕೆಂದರೆ ಆಗ ಟ್ರಿಗರು ಮುಚ್ಚಿದಂತೆಯೇ ಇರುತ್ತದೆ. ಅದು ಹೋಗಬೇಕಾದದ್ದು ಬೀಗವಿರುವ ಉಕ್ಕಿನ ಪೆಟ್ಟಿಗೆಗೆ. ತಲೆದಿಂಬಿನ ಕೆಳಗಾಗಲಿ ಬಟ್ಟೆಯ ಕಪಾಟಿಗಾಗಲಿ ಅಲ್ಲ. ಮೊಮ್ಮಕ್ಕಳನ್ನು ನೋಡಲು ಇಲ್ಲಿಂದ ಹೋಗುವ ಅಜ್ಜ ಅಜ್ಜಿಯರು ಆ ಪೆಟ್ಟಿಗೆ ಎಲ್ಲಿದೆ, ಅದರ ಬೀಗದ ಕೈ ಯಾರ ಬಳಿ ಇದೆ ಎಂದು ಹೋದ ದಿನವೇ ಕೇಳಲು ಸಂಕೋಚಪಡಬೇಕಾಗಿಲ್ಲ. ತೊಗಲಿನ ಒರೆಯಾಗಿದ್ದರೆ ಅದರಲ್ಲಿಯೇ ಪಿಸ್ತೂಲನ್ನು ವಾರಗಟ್ಟಲೆ ಬಿಡಬಾರದು. ತೊಗಲು ಕುಡಿದ ತೇವದಿಂದ ಉಕ್ಕಿಗೆ ತುಕ್ಕು ಹಿಡಿಯುತ್ತದೆ.