ಹೊಳೆಯ ನಾಡಿಗೆ ಈಜು ಬೇಡವೆ?

ಮಲೆನಾಡಿನವರಾದ ನಮಗೆ ನೀರಿನ ವಿಷಯದಲ್ಲಿ ಹೆಮ್ಮೆ ಹೆಚ್ಚು. ಪರವೂರಿನ ನೆಂಟರು ಬಂದರೆ ಜೋಗವನ್ನು ತೋರಿಸುತ್ತೇವೆ. ಇಕ್ಕೇರಿಯ ಅಘೋರೇಶ್ವರನ ದರ್ಶನವಾದ ಮೇಲೆ ವರದಾಮೂಲಕ್ಕೆ ಕರೆದೊಯ್ದು, ವರದೆಯು ಹುಟ್ಟುವುದು ಇಲ್ಲಿಯೇ ಎನ್ನುತ್ತೇವೆ. ತೀರ್ಥಹಳ್ಳಿಯ ಕಡೆಯವರಂತೂ ತುಂಗೆಯ ನೀರಿನ ರುಚಿಯನ್ನು ಹೊಗಳದೆ ಊಟಕ್ಕೆ ಏಳುವುದಿಲ್ಲ. ಹೀಗೆ ಹೊಗಳುವ ನಮ್ಮಲ್ಲಿ ಎಷ್ಟು ಮಂದಿಗೆ ಈಜು ಬರುತ್ತದೆ? ನಮ್ಮ ತರಗತಿಯಲ್ಲಿ ಒಂದು ದಿನ ಈ ಪ್ರಶ್ನೆಯನ್ನು ಕೇಳಿ ನೋಡಿದೆ. ಎದ್ದ ಕೈಗಳನ್ನು ಬೆರಳುಗಳಲ್ಲಿ ಎಣಿಸಬಹುದಾಗಿತ್ತು. ಹುಡುಗಿಯರ ಸಾಲಿನಲ್ಲಿ ಎದ್ದದ್ದು ನನ್ನದೊಂದೇ ಕೈ. ಕಳೆದ ದೀಪಾವಳಿಗೆ ಮೊದಲು ಕೇಳಿದ್ದರೆ ಅದೂ ಏಳುತ್ತಿರಲಿಲ್ಲ.

ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳ ಶಾಲೆ ಕಾಲೇಜುಗಳಲ್ಲಿ ಓದು ಬರಹದಂತೆಯೇ ಈಜನ್ನೂ ಕಲಿಸಬೇಕೆಂಬುದು ನನ್ನ ಅಭಿಪ್ರಾಯ. ಇದನ್ನು ಆಟೋಟಗಳ ಪಟ್ಟಿಗೆ ಸೇರಿಸಿ ಮರೆತುಬಿಡಬಾರದು. ಇದು ಪ್ರಾಣಕ್ಕೆ ಸಂಬಂಧಪಟ್ಟ ವಿದ್ಯೆ.

ಈ ಮಾತನ್ನು ಆಡುವಷ್ಟು ನೀರನ್ನು ನಾನು ಕಂಡದ್ದು ಒಂದು ಸ್ಪರ್ಧೆಯ ದೆಸೆಯಿಂದ. ಟ್ರಯಥ್ಲಾನ್ ಎಂಬ ಹೆಸರನ್ನು ವಾಚಕರು ಪತ್ರಿಕೆಗಳಲ್ಲಿ ನೋಡಿರಬಹುದು. ಈಜು, ಸೈಕಲ್ಲು, ಓಟ ಇವು ಮೂರನ್ನೂ ನಡುವೆ ವಿಶ್ರಾಂತಿಯಿಲ್ಲದೆ ಒಂದರ ಹಿಂದೆ ಒಂದರಂತೆ ಮುಗಿಸುವುದೇ ಅದರ ಕ್ರಮ. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ 1974ರಲ್ಲಿ ನಡೆದ ಸ್ಪರ್ಧೆಯಿಂದ ಈ ಹೆಸರು ಬಳಕೆಗೆ ಬಂದಿತು. 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ ಇದಕ್ಕೆ ಸ್ಥಾನ ದೊರೆಯಿತು. ಅಲ್ಲಿಯ ಅಳತೆ 1.5 ಕಿಲೋಮೀಟರ್ ಈಜು, 40 ಕಿಲೋಮೀಟರ್ ಸೈಕಲ್ಲು, 10 ಕಿಲೋಮೀಟರ್ ಓಟ. ನಮ್ಮ ಕಾರವಾರದ ಆಚೆಗಿನ ಗೋವೆಯಲ್ಲಿ 2019ರಲ್ಲಿ ಆರಂಭವಾದದ್ದು ಇನ್ನೂ ಕಠಿಣವಾದದ್ದು: ಸಮುದ್ರದಲ್ಲಿ 1.9 ಕಿಲೋಮೀಟರ್ ಈಜಿದ ಮೇಲೆ 90 ಕಿಲೋಮೀಟರ್ ಸೈಕಲ್ಲು, ಆಮೇಲೆ 21 ಕಿಲೋಮೀಟರಿಗೂ ಮಿಕ್ಕಿದ ಓಟ. ಇದೆಲ್ಲ ಹಣವಂತರ ಹುಚ್ಚು ಎಂದು ನಮ್ಮ ಮನೆಯಲ್ಲಿ ಹೇಳಿದರು. ಬಹುಮಟ್ಟಿಗೆ ನಿಜ. ಆದರೆ ಇದರಲ್ಲಿಯೇ ರಿಲೇ ಎಂಬ ಒಂದು ವಿಭಾಗವುಂಟು. ಮೂವರು ಸೇರಿ ಒಬ್ಬರು ಈಜಿ, ಒಬ್ಬರು ಸೈಕಲ್ಲು ತುಳಿದು, ಒಬ್ಬರು ಓಡಿ ಮುಗಿಸಬಹುದು. ಕಾಲಿಗೆ ಕಟ್ಟಿದ ಪಟ್ಟಿಯನ್ನು ಬಿಚ್ಚಿ ಮುಂದಿನವರ ಕಾಲಿಗೆ ಕಟ್ಟಿದರೆ ನಮ್ಮ ಪಾಲಿನ ಕೆಲಸವಾಯಿತು. ಗದ್ದೆಯ ಕೆಲಸಕ್ಕೆ ಮುಯ್ಯಾಳು ಹೋಗುವ ನಮ್ಮ ಜನಕ್ಕೆ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ. ಮೂವರ ನಡುವೆ ಒಂದು ಸೈಕಲ್ಲಿದ್ದರೆ ಸಾಕು.

ನಾವು ಮೂವರು ಸಹಪಾಠಿಗಳು ಹೆಸರು ಕೊಟ್ಟಿರುವುದು ಕರಾವಳಿಯ ಒಂದು ಚಿಕ್ಕ ಸ್ಪರ್ಧೆಗೆ. ಈಜು 750 ಮೀಟರ್, ಸೈಕಲ್ಲು 20 ಕಿಲೋಮೀಟರ್, ಓಟ 5 ಕಿಲೋಮೀಟರ್. ತಂಡವನ್ನು ಕಟ್ಟುವಾಗಲೇ ಒಂದು ಸಂಗತಿ ನನಗೆ ಹೊಳೆಯಿತು. ಸೈಕಲ್ಲಿನ ಗೆಳತಿಯನ್ನು ಹುಡುಕುವುದು ಕಷ್ಟವಾಗಲಿಲ್ಲ. ನಾವೆಲ್ಲ ಎಂಟನೆಯ ತರಗತಿಯಲ್ಲಿದ್ದಾಗ ಸರಕಾರವು ಸೈಕಲ್ಲು ಕೊಡುತ್ತಿತ್ತು. 2006-07ರಲ್ಲಿ ಮೊದಲಾದ ಆ ಯೋಜನೆಯಿಂದ ಹಳ್ಳಿಯ ಹುಡುಗಿಯರು ಎಷ್ಟು ಮಂದಿ ಪೆಡಲು ತುಳಿಯಲು ಕಲಿತರೋ ಲೆಕ್ಕವಿಲ್ಲ. ಓಡುವವಳೂ ಸಿಕ್ಕಿದಳು; ಶಾಲೆ ಎಂದಮೇಲೆ ಒಂದು ಬಯಲು ಇರುತ್ತದೆ, ಬಯಲಿನಲ್ಲಿ ಓಡುವುದನ್ನು ಯಾರೂ ಬೇಡವೆನ್ನುವುದಿಲ್ಲ. ಈಜುವವಳು ಮಾತ್ರ ಸಿಕ್ಕಲಿಲ್ಲ. ನೆಲದ ಮೇಲಿನ ಎರಡು ವಿದ್ಯೆಗಳನ್ನು ಸರಕಾರವೂ ಶಾಲೆಯೂ ಕೊಟ್ಟಿದ್ದವು; ಮೂರು ಕಡೆ ನೀರಿರುವ ನಮಗೆ ನೀರಿನ ವಿದ್ಯೆಯನ್ನು ಕೊಟ್ಟವರಿಲ್ಲ. ಕೊನೆಗೆ ನಾನು ಕಲಿಯುತ್ತೇನೆ ಎಂದೆ.

ನಮ್ಮ ಮನೆಯವರು ಮುಳುಗಡೆಯ ಜನ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ಶರಾವತಿಯ ಕಣಿವೆ ತುಂಬಿದಾಗ ಅಜ್ಜಿ ಇನ್ನೂ ಲಂಗ ತೊಡುವ ಹುಡುಗಿ. ಗದ್ದೆ, ಮನೆ, ಬನ ಎಲ್ಲವೂ ನೀರಿನ ಅಡಿಗೆ ಹೋದುವು. ಅವಳು ನಡೆದು ಹೋಗುತ್ತಿದ್ದ ಅಕ್ಕನ ಮನೆ ಆಚೆಯ ದಡವಾಯಿತು. ಅಂದಿನಿಂದ ನಮ್ಮ ಮನೆಯಲ್ಲಿ ಹಿನ್ನೀರೆಂದರೆ ದೂರದಿಂದ ನೋಡತಕ್ಕ ವಸ್ತು. ಕರೂರು ಸೀಮೆಯವರು ಅಂಬಾರಗೊಡ್ಲಿನಿಂದ ಕಳಸವಳ್ಳಿಗೆ ಲಾಂಚಿನಲ್ಲಿಯೇ ದಾಟುತ್ತಿದ್ದರು. 2025ರ ಜುಲೈ 14ರಂದು ಎರಡು ಕಿಲೋಮೀಟರಿಗೂ ಉದ್ದವಾದ ಸೇತುವೆಯ ಉದ್ಘಾಟನೆಯಾಯಿತು. ಅದು ಸಂತೋಷದ ವಿಷಯವೆಂಬುದರಲ್ಲಿ ಎರಡು ಮಾತಿಲ್ಲ. ಬಾಣಂತಿಯನ್ನು ಆಸ್ಪತ್ರೆಗೆ ಸಾಗಿಸುವಾಗ ಲಾಂಚಿಗಾಗಿ ಕಾದವರಿಗೆ ಅದರ ಬೆಲೆ ಗೊತ್ತು. ಆದರೆ ಸೇತುವೆ ಬಂದ ಮೇಲೆ ಇನ್ನು ಈಜೇಕೆ ಎಂದು ಕೇಳುವವರಿದ್ದಾರೆ. ಸೇತುವೆಯು ದಾರಿಯನ್ನು ನೀರಿನಿಂದ ಮೇಲಕ್ಕೆ ಎತ್ತಿತು, ನೀರು ಅಲ್ಲಿಯೇ ಇದೆ. ತೋಟದ ಕೆರೆ, ಹೊಳೆಯ ಗುಂಡಿ, ಕಲ್ಲು ತೆಗೆದ ಹಳ್ಳ ಇವುಗಳಿಗೆಲ್ಲ ಯಾರು ಸೇತುವೆ ಕಟ್ಟುತ್ತಾರೆ?

ಹಿಂದಿನವರಿಗೆ ನೀರಿನ ಭಯ ನಮ್ಮಷ್ಟು ಇರಲಿಲ್ಲವೆಂದು ತೋರುತ್ತದೆ. ಕೆಳದಿಯ ಅರಸರು ರಾಜಧಾನಿಯನ್ನು ಇಕ್ಕೇರಿಯಿಂದ ಬಿದನೂರಿಗೆ, ಎಂದರೆ ಇಂದಿನ ನಗರಕ್ಕೆ, ಸಾಗಿಸಿದ ಮೇಲೆ ಅಲ್ಲಿ ದೇವಗಂಗೆಯ ಕೊಳಗಳನ್ನು ಕಟ್ಟಿಸಿದರು. ಬೆಟ್ಟದ ನೀರು ಒಂದು ಕೊಳದಿಂದ ಇನ್ನೊಂದಕ್ಕೆ ಹರಿಯುವಂತೆ ಮಾಡಿದ ಆ ಚಾತುರ್ಯವನ್ನು ಹೊಸನಗರದ ಕಡೆಗೆ ಹೋದವರು ನೋಡಲೇಬೇಕು. ಅದು ಅರಮನೆಯವರ ಮಾತಾಯಿತು. ಬಡವರ ಮಕ್ಕಳು ಸೊಂಟಕ್ಕೆ ಸೋರೆಬುರುಡೆಯನ್ನೋ ಎರಡು ಒಣ ತೆಂಗಿನಕಾಯಿಗಳನ್ನೋ ಕಟ್ಟಿಕೊಂಡು, ಇಲ್ಲವೆ ಬಾಳೆದಿಂಡನ್ನು ಅಪ್ಪಿಕೊಂಡು ಊರ ಕೆರೆಯಲ್ಲಿ ಕಲಿಯುತ್ತಿದ್ದರು. ಈಗ ಹಿರಿಯರಿಗೆ ಬಿಡುವಿಲ್ಲ, ಮಕ್ಕಳಿಗೆ ಶಾಲೆಯ ವಾಹನ ಬರುವ ಹೊತ್ತು. ಬುರುಡೆಯೂ ಹೋಯಿತು, ಅದರ ಬದಲಿಗೆ ಬೇರೆಯದು ಬರಲಿಲ್ಲ.

ನನ್ನ ಕಲಿಕೆ ಆರಂಭವಾದದ್ದು ಪರಿಚಿತರೊಬ್ಬರ ತೋಟದ ಕೆರೆಯಲ್ಲಿ. ಈಜುಕೊಳವೆಂದರೆ ಶಿವಮೊಗ್ಗಕ್ಕೆ ಹೋಗಬೇಕು. ಸಾಗರದಿಂದ 70 ಕಿಲೋಮೀಟರಿನಷ್ಟು ದೂರ, ಬಸ್ಸಿನ ಖರ್ಚಿನಲ್ಲಿ ಒಂದು ವಾರದ ಊಟವಾಗುತ್ತದೆ. ಆದುದರಿಂದ ನಮ್ಮ ದೈಹಿಕ ಶಿಕ್ಷಣದ ಮೇಷ್ಟ್ರು 25 ಮೀಟರ್ ಹಗ್ಗವನ್ನು ಅಳೆದು, ದಡದಿಂದ ದಡಕ್ಕೆ ಕಟ್ಟಿಸಿ, ಮೂವತ್ತು ಸಲ ಹೋದರೆ ನಿನ್ನ ಸ್ಪರ್ಧೆ ಮುಗಿಯಿತು ಎಂದರು. ಮೊದಲ ವಾರ ಒಂದು ಸಲವೂ ಆಗಲಿಲ್ಲ. ಹಳ್ಳಿಯಲ್ಲಿ ಕಲಿತವರು ತಲೆಯನ್ನು ಮೇಲಕ್ಕೆ ಎತ್ತಿಯೇ ಈಜುತ್ತಾರೆ. ತಲೆ ಮೇಲಾದರೆ ಸೊಂಟವೂ ಕಾಲೂ ಕೆಳಗಿಳಿಯುತ್ತವೆ. ಮೈಯೆಲ್ಲ ನೀರಿಗೆ ಅಡ್ಡ ನಿಂತಂತಾಗುತ್ತದೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರವಾದುದು. ಅದರ ಎದುರು ತೋಳಿನ ಬಲವನ್ನು ತೋರಿಸಿ ಪ್ರಯೋಜನವಿಲ್ಲ, ಮೈಯನ್ನು ಉದ್ದಕ್ಕೆ ಚಾಚಿ ದಾರಿ ಮಾಡಿಕೊಳ್ಳಬೇಕು. ನಮ್ಮ ಜೊತೆಗೆ ಬರುತ್ತಿದ್ದ ದೋಣಿಯ ಮಾವ ಯಾವ ಶಾಸ್ತ್ರವನ್ನೂ ಓದಿದವರಲ್ಲ. ಅವರು, “ತಂಗಿ, ನೀರಿಗೆ ಹೊಡೀಬ್ಯಾಡ. ಅದರ ಮೇಲೆ ಮಲಗು” ಎಂದರು. ಮೇಷ್ಟ್ರು ಒಂದು ಗಂಟೆ ಹೇಳಿದುದರ ಸಾರವೂ ಅಷ್ಟೇ ಆಗಿತ್ತು.

ಎಲ್ಲಕ್ಕಿಂತ ಕಷ್ಟವಾದದ್ದು ಉಸಿರು. ಮುಖವನ್ನು ನೀರಿಗಿಟ್ಟ ಕೂಡಲೆ ಉಸಿರನ್ನು ಬಿಗಿಹಿಡಿಯುವುದು ಮನುಷ್ಯನ ಸ್ವಭಾವ. ಆದರೆ ಎದೆ ಒಡೆಯುವಂತಾಗಿ ಗಾಬರಿ ಹುಟ್ಟುವುದು ಮುಖ್ಯವಾಗಿ ಒಳಗಿನ ಇಂಗಾಲದ ಡೈಆಕ್ಸೈಡು ಹೆಚ್ಚುವುದರಿಂದ. ಆದ್ದರಿಂದ ನೀರಿನೊಳಗೆ ಬಾಯಿ ಮೂಗುಗಳಿಂದ ಗುಳುಗುಳು ಎಂದು ಉಸಿರನ್ನು ಬಿಡುತ್ತಲೇ ಇರಬೇಕು; ಕೈ ಹಿಂದಕ್ಕೆ ಬರುವಾಗ ಮುಖವನ್ನು ಪಕ್ಕಕ್ಕೆ ಹೊರಳಿಸಿ ಚಿಕ್ಕದಾಗಿ ಎಳೆದುಕೊಳ್ಳಬೇಕು. ಇಷ್ಟನ್ನು ಕಲಿಯಲು ನನಗೆ ಮೂರು ವಾರಗಳು ಹಿಡಿದುವು. ಮನೆಯಲ್ಲಿ ತಾಮ್ರದ ಹಂಡೆಯ ನೀರಿಗೆ ಮುಖವಿಟ್ಟು ಅಭ್ಯಾಸ ಮಾಡುತ್ತಿದ್ದಾಗ ಅಜ್ಜಿ, “ಓದಿ ಓದಿ ಇದಕ್ಕೆ ಏನೋ ಆಯ್ತು” ಎಂದು ಅಮ್ಮನಿಗೆ ಹೇಳಿದಳಂತೆ. ಉಸಿರು ಒಂದು ದಾರಿಗೆ ಬಂದ ಮೇಲೆ ಐವತ್ತು ಮೀಟರಿನ ಆಯಾಸ ನಾನೂರಕ್ಕೂ ಬರಲಿಲ್ಲ.

ಸಂಕ್ರಾಂತಿಯ ತರುವಾಯ ಹಿನ್ನೀರಿಗೆ ಇಳಿದೆವು. ಅಲ್ಲಿ ಹಗ್ಗವಿಲ್ಲ, ತಳ ಕಾಣುವುದಿಲ್ಲ. ಹತ್ತು ಕೈಗೊಮ್ಮೆ ಮೊಸಳೆಯಂತೆ ಕಣ್ಣನ್ನು ಮಾತ್ರ ಮೇಲಕ್ಕೆ ತಂದು ಎದುರು ಗುಡ್ಡದ ಗುರುತನ್ನು ನೋಡಿ ದಿಕ್ಕು ಸರಿಮಾಡಿಕೊಳ್ಳಬೇಕು. ಮುಳುಗಡೆಯ ಕಾಲದ ಮರದ ಬೊಡ್ಡೆಗಳು ಇನ್ನೂ ನೀರಿನಲ್ಲಿ ನಿಂತಿವೆ. ದೋಣಿಯ ಮಾವನಿಗೆ ಅವುಗಳ ಜಾಗ ಗೊತ್ತಿರುವುದರಿಂದಲೇ ನಾವು ಇಳಿದದ್ದು. ದೋಣಿ ಪಕ್ಕದಲ್ಲಿ, ಗಾಳಿ ತುಂಬಿದ ಟ್ಯೂಬು ದೋಣಿಯಲ್ಲಿ, ಒಬ್ಬಳೇ ಇಳಿಯಕೂಡದು ಎಂಬ ನಿಯಮಗಳನ್ನು ಒಂದು ದಿನವೂ ಮುರಿಯಲಿಲ್ಲ. ಒಂದು ಬೆಳಿಗ್ಗೆ ಈಜುತ್ತಿದ್ದಾಗ, ಅಜ್ಜಿಯ ಮನೆ ಈ ಕೆಳಗೇ ಎಲ್ಲಿಯೋ ಇರಬೇಕು ಎಂಬ ಯೋಚನೆ ಬಂತು. ಉಸಿರಿನ ಲೆಕ್ಕ ತಪ್ಪದಿರಲೆಂದು ಅದನ್ನು ಅಲ್ಲಿಗೇ ಬಿಟ್ಟೆ.

ಇನ್ನು ಆಕ್ಷೇಪಗಳ ಮಾತು. ಈಜು ಬಲ್ಲವನೇ ಮುಳುಗುವುದು ಎಂದು ನಮ್ಮಲ್ಲಿ ಹೇಳುವವರುಂಟು. ನೀರಿಗೆ ಹೋಗದಿದ್ದರೆ ಸಾಯುವುದೂ ಇಲ್ಲವಷ್ಟೆ ಎಂಬುದು ಅವರ ತರ್ಕ. ನಾನು ಪಿ.ಯು.ಸಿ. ಓದುತ್ತಿದ್ದಾಗ ಹತ್ತಿರದ ಒಂದು ಹಳ್ಳಿಯಲ್ಲಿ ಒಬ್ಬ ಹುಡುಗ ತೋಟದ ಕೆರೆಯಲ್ಲಿ ತೀರಿಕೊಂಡನು. ಅವನು ಈಜಲು ಹೋದವನಲ್ಲ, ಕಾಲು ತೊಳೆಯಲು ಹೋದವನು. ದಡದಲ್ಲಿ ನಾಲ್ವರಿದ್ದರು, ನಾಲ್ವರಿಗೂ ಈಜು ಬಾರದು, ಅವರು ಕೂಗಿದರು. ಈಜು ಬಾರದಿದ್ದರೂ ಹಗ್ಗವನ್ನೋ ಉದ್ದನೆಯ ಗಳುವನ್ನೋ ಚಾಚಬೇಕೆಂಬುದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅಡಿಕೆ ತೋಟದಲ್ಲಿ ದೋಟಿಗೆ ಬರವೆ? ಆ ಬಳಿಕ ಸುತ್ತಲಿನ ಮಕ್ಕಳಿಗೆಲ್ಲ ನೀರಿನ ಹತ್ತಿರ ಸುಳಿಯಕೂಡದೆಂಬ ಆಜ್ಞೆಯಾಯಿತು. ಆಜ್ಞೆ ಸುಲಭ, ಖರ್ಚಿಲ್ಲ. ನಮ್ಮ ದೇಶದಲ್ಲಿ ವರ್ಷಕ್ಕೆ 30 ಸಾವಿರಕ್ಕೂ ಹೆಚ್ಚು ಮಂದಿ ನೀರಿನಲ್ಲಿ ಮುಳುಗಿ ಸಾಯುತ್ತಾರೆಂದು ಸರಕಾರದ ಲೆಕ್ಕವೇ ಹೇಳುತ್ತದೆ. ನಮ್ಮ ರಾಜ್ಯದಿಂದ ಸಿಡ್ನಿ ಒಲಿಂಪಿಕ್ಸಿಗೆ ಹೋದ ನಿಶಾ ಮಿಲ್ಲೆಟ್ ಅವರು ಚಿಕ್ಕಂದಿನಲ್ಲಿ ನೀರಿನ ಅಪಾಯದಿಂದ ಪಾರಾದವರು. ಅವರ ತಂದೆ ಮಗಳನ್ನು ನೀರಿನಿಂದ ದೂರವಿಡುವ ಬದಲಿಗೆ ಈಜು ಕಲಿಸಿದರು.

ಹುಡುಗಿಯರಿಗೆ ಇದು ಒಪ್ಪುವುದಿಲ್ಲ ಎಂಬುದು ಎರಡನೆಯ ಆಕ್ಷೇಪ. ಬಂಗಾಳದ ಆರತಿ ಸಾಹಾ ಅವರು ಇಂಗ್ಲಿಷ್ ಕಾಲುವೆಯನ್ನು ಈಜಿದ್ದು 1959ರಲ್ಲಿ. ಏಷ್ಯದ ಹೆಂಗಸರಲ್ಲಿ ಅವರೇ ಮೊದಲಿಗರು. ಅಷ್ಟು ವರ್ಷಗಳಾದ ಮೇಲೂ ನಮ್ಮೂರಿನ ಕೆರೆಯ ದಡದಲ್ಲಿ ನನ್ನ ಉಡುಪಿನ ವಿಚಾರ ನನ್ನ ಈಜಿಗಿಂತ ಹೆಚ್ಚು ಚರ್ಚೆಗೆ ಬಂತು. ನಾನು ಉದ್ದ ತೋಳಿನ, ಮೊಣಕಾಲು ಮುಚ್ಚುವ ಈಜುಡುಪನ್ನು ತರಿಸಿಕೊಂಡೆ. ಅದರಲ್ಲಿ ಚಳಿಯೂ ಕಡಿಮೆ. ಮಾತು ನಿಲ್ಲಲಿಲ್ಲ. ಆದರೆ ಎರಡು ತಿಂಗಳ ತರುವಾಯ, ಮಾತಾಡಿದ ಮನೆಯೊಂದರ ತಾಯಿಯೇ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಕರೆತಂದು, “ಇವಕ್ಕೂ ಒಂಚೂರು ಕಲಿಸಿಕೊಡೇ” ಎಂದರು.

ಮೂರನೆಯದು ಹಣ. ಈಜುಕೊಳ ಕಟ್ಟಲು ಲಕ್ಷಗಟ್ಟಲೆ ಬೇಕಲ್ಲ ಎನ್ನುತ್ತಾರೆ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಊರಿನ ಕೆರೆಗಳಲ್ಲಿಯೇ ಬಿದಿರಿನ ಅಟ್ಟಣೆಗಳನ್ನು ಇಳಿಸಿ, 4ರಿಂದ 12 ವರ್ಷದ ಮಕ್ಕಳಿಗೆ ಈಜು ಕಲಿಸಿದರು. ಅವರ ಪರೀಕ್ಷೆ ಬಹು ಸರಳ: 25 ಮೀಟರ್ ಈಜಬೇಕು, 30 ಸೆಕೆಂಡು ತೇಲಬೇಕು. 2012ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಕಲಿತ ಮಕ್ಕಳಲ್ಲಿ ಮುಳುಗಿ ಸಾಯುವುದು ಕಲಿಯದವರಿಗಿಂತ ಶೇಕಡ 90ಕ್ಕೂ ಹೆಚ್ಚು ಕಡಿಮೆಯಾಗಿತ್ತು. ಬಿದಿರಿಗೆ ನಮ್ಮಲ್ಲಿ ಕೊರತೆಯೆ? ಕೆರೆಗೆ ಕೊರತೆಯೆ? ನೀರು ಶುದ್ಧವಾಗಿರುವ ಒಂದು ಕೆರೆಯನ್ನು ಹೋಬಳಿಗೆ ಒಂದರಂತೆ ಆರಿಸಿ, ಈಜು ಬಲ್ಲ ಒಬ್ಬ ಗಂಡಸನ್ನೂ ಒಬ್ಬ ಹೆಂಗಸನ್ನೂ ಸಂಬಳ ಕೊಟ್ಟು ನೇಮಿಸಿ, ಮಳೆ ನಿಂತ ಮೇಲೆ ದೀಪಾವಳಿಯಿಂದ ಶಿವರಾತ್ರಿಯವರೆಗೆ ಕಲಿಸಬಹುದು. ದೋಣಿ ನಡೆಸುವವರಿಗಿಂತ ಒಳ್ಳೆಯ ಕಾವಲಿನವರು ಬೇಕೆ? ಸೇತುವೆಯಿಂದ ಕೆಲಸ ಕಡಿಮೆಯಾದವರೂ ಅವರಲ್ಲಿದ್ದಾರೆ.

ನಮ್ಮ ಕಾಲೇಜಿನ ಮಟ್ಟಿಗೆ ನನ್ನ ಕೋರಿಕೆ ಚಿಕ್ಕದು. ಪ್ರವೇಶದ ಅರ್ಜಿಯಲ್ಲಿ ರಕ್ತದ ಗುಂಪನ್ನು ಕೇಳುವ ಕಡೆ ‘ಈಜು ಬರುತ್ತದೆಯೆ?’ ಎಂದು ಇನ್ನೊಂದು ಸಾಲು ಸೇರಿಸಲಿ. ಇಲ್ಲ ಎಂದು ಬರೆದವರಿಗೆ ಎನ್.ಎಸ್.ಎಸ್. ಶಿಬಿರದ ಏಳು ದಿನಗಳಲ್ಲಿ ತೇಲುವುದನ್ನಾದರೂ ಕಲಿಸಲಿ.

ಈ ಸಂಚಿಕೆ ವಾಚಕರ ಕೈ ಸೇರುವ ಹೊತ್ತಿಗೆ ನಮ್ಮ ಸ್ಪರ್ಧೆ ಮುಗಿದಿರುತ್ತದೆ. ಉಪ್ಪುನೀರಿನಲ್ಲಿ ತೇಲುವುದು ಸುಲಭ, ಅಲೆ ಮಾತ್ರ ಹೊಸದು ಎಂದು ಮೇಷ್ಟ್ರು ಹೇಳಿದ್ದಾರೆ. ಪರೀಕ್ಷೆ ಮುಗಿಸಿ ಹೋಗುವ ಮುನ್ನ ಆ 25 ಮೀಟರ್ ಹಗ್ಗವನ್ನು ಆಟದ ವಿಭಾಗದ ಕೋಣೆಯಲ್ಲಿ ಇಟ್ಟು ಹೋಗುತ್ತೇನೆ. ಐದೈದು ಮೀಟರಿಗೆ ಅಜ್ಜಿಯ ಹಳೆಯ ಸೀರೆಯ ಕೆಂಪು ಚೂರು ಕಟ್ಟಿದೆ. ಬೇಕಾದವರು ಕೇಳಿ ಪಡೆಯಬಹುದು.