ಅಪ್ಪ ಏನ್ ಮಾಡ್ತಾನ?



ನಮ್ಮ ಕೊಡೇಕಲ್ಲಿನ ಕಾಲಜ್ಞಾನ ಅಮರಗನ್ನಡ ಎಂಬ ಗೂಢಲಿಪಿಯಲ್ಲಿದೆ. ಆ ಪರಂಪರೆಯವರನ್ನು ಬಿಟ್ಟರೆ ಹೆಚ್ಚಿನವರಿಗೆ ಅದು ಓದಲಿಕ್ಕೆ ಬರುವುದಿಲ್ಲ. ನೌಕರಿಯ ಸಂದರ್ಶನಕ್ಕೂ ಅಂಥದೇ ಒಂದು ಗೂಢಲಿಪಿಯಿದೆ. ಮೂರು ತಲೆಮಾರು ಕುರ್ಚಿಯ ಮೇಲೆ ಕುಂತು ಉಂಡ ಮನೆಯ ಮಕ್ಕಳಿಗೆ ಅದನ್ನು ಯಾರೂ ಕಲಿಸಬೇಕಿಲ್ಲ. ನಾರಾಯಣಪುರ ಎಡದಂಡೆ ಕಾಲುವೆಯ ಗದ್ದೆಯಲ್ಲಿ ಬ್ಯಾರೆಯವರ ಭತ್ತ ನಾಟಿ ಮಾಡಿ ಓದಿಸಿದ ಅವ್ವಂದಿರ ಮಕ್ಕಳು ಮಾತ್ರ ಆ ಮೇಜಿನ ಮುಂದೆ ಬೆವರುತ್ತಾರೆ.

‘ಒಳ್ಳೆಯ ಉತ್ತರ ತಯಾರು ಮಾಡಿಕೊಳ್ಳಿ’ ಅನ್ನುತ್ತವೆ ಗೈಡುಗಳು. ಮಾಡಿಕೊಳ್ಳೋಣ. ಆದರೆ ಅದಕ್ಕೂ ಮೊದಲು ಪ್ರಶ್ನೆಗಳನ್ನೇ ವಿಚಾರಣೆಗೆ ನಿಲ್ಲಿಸೋಣ.

‘ನಿಮ್ಮ ಬಗ್ಗೆ ಹೇಳಿ. ಪೂರ್ತಿ ಹೆಸರು? ತಂದೆ ಏನು ಮಾಡ್ತಾರೆ?’ ಲೆಕ್ಕ ಬರೆಯುವ ಕೆಲಸಕ್ಕೂ ನಮ್ಮಪ್ಪನ ಕಸುಬಿಗೂ ಏನು ಸಂಬಂಧ ಸ್ವಾಮಿ? ನೇರವಾಗಿ ಜಾತಿ ಕೇಳಲಾಗದೆ ಅಪ್ಪನನ್ನು ಕೇಳುತ್ತಾರೆ. ಇದು ನನ್ನ ಹೊಟ್ಟೆಯುರಿಯ ಮಾತಲ್ಲ. ಸುರಿಂದರ್ ಜೋಧ್ಕಾ ಮತ್ತು ಕ್ಯಾಥರೀನ್ ನ್ಯೂಮನ್ ದೊಡ್ಡ ಕಂಪನಿಗಳಲ್ಲಿ ಆಳು ಆರಿಸುವ ಅಧಿಕಾರಿಗಳನ್ನೇ ಮಾತಾಡಿಸಿ 2007ರಲ್ಲಿ ಬರೆದರು: ಬಾಯಲ್ಲಿ ‘ಪ್ರತಿಭೆ’ ಅನ್ನುವವರು ‘ಕುಟುಂಬದ ಹಿನ್ನೆಲೆ’ಯನ್ನು ಮುಖ್ಯವೆಂದು ಕೇಳುತ್ತಾರೆ. ಅದೇ ವರ್ಷ ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಇನ್ನೊಂದು ಪರೀಕ್ಷೆಯ ಫಲ ಹೇಳಿದರು. ಓದು ಒಂದೇ, ಅರ್ಹತೆ ಒಂದೇ. ಹೆಸರು ಮಾತ್ರ ಬೇರೆ ಮಾಡಿ ಖಾಸಗಿ ಕಂಪನಿಗಳಿಗೆ ಅರ್ಜಿ ಹಾಕಿದ್ದರು. ಮೇಲ್ಜಾತಿ ಹೆಸರಿನ ಅರ್ಜಿಗೆ ಹೋಲಿಸಿದರೆ ದಲಿತ ಹೆಸರಿನ ಅರ್ಜಿಗೆ ಕರೆ ಬರುವ ಸಂಭವ 0.67 ಪಾಲು. ಅಂದರೆ ಬಾಗಿಲು ತಟ್ಟುವ ಮೊದಲೇ ಅಗುಳಿ ಬಿದ್ದಿರುತ್ತದೆ!

ಸರ್ಕಾರಕ್ಕೂ ಈ ರೋಗ ಗೊತ್ತು. 2016ರ ಜನವರಿಯಿಂದ ಕೇಂದ್ರವು ಸಿ ಗುಂಪಿನ ಮತ್ತು ಬಿ ಗುಂಪಿನ ಗೆಜೆಟೆಡ್ ಅಲ್ಲದ ಹುದ್ದೆಗಳಿಗೆ ಸಂದರ್ಶನವನ್ನೇ ತೆಗೆದುಹಾಕಿತು. ನಮ್ಮ ಭಾಗಕ್ಕೆ 371-ಜೆ ಬಂತು. 2013ರಿಂದ ಸರ್ಕಾರಿ ಹುದ್ದೆಗಳಲ್ಲಿ ಸ್ಥಳೀಯರಿಗೆ ಪಾಲು ಸಿಕ್ಕಿತು. ಖಾಸಗಿ ಮೇಜಿಗೆ ಇದ್ಯಾವುದೂ ತಾಗುವುದಿಲ್ಲ.

ಗೈಡು ಕಲಿಸುವ ಉತ್ತರಗಳನ್ನಾದರೂ ನೋಡಿರಿ. ‘ನಿಮ್ಮ ದೌರ್ಬಲ್ಯ ಏನು?’ ಎಂದರೆ ‘ನಾನು ವಿಪರೀತ ದುಡಿಯುತ್ತೇನೆ’ ಅನ್ನಬೇಕಂತೆ. ಎಂಥಾ ನಾಟಕ! ನಮ್ಮವ್ವ ಆ ‘ದೌರ್ಬಲ್ಯ’ದಿಂದಲೇ ನಡ ಮುರಕೊಂಡಾಳ. ಅವಳಿಗೆ ಯಾವ ಕಂಪನಿ ನೌಕರಿ ಕೊಟ್ಟಿತು?

‘ಡಿಗ್ರಿ ಮುಗಿಸಿ ಎರಡು ವರ್ಷ ಏನು ಮಾಡಿದಿರಿ?’ ಇಲ್ಲಿ ನಮ್ಮವರು ತಲೆ ತಗ್ಗಿಸುತ್ತಾರೆ. ಯಾಕೆ ತಗ್ಗಿಸಬೇಕು? ಬೆಂಗಳೂರಿಗೆ ದುಡಿಯಾಕ ಹೋಗಿದ್ದೆ ಎನ್ನಿರಿ. ಸಿಮೆಂಟ್ ಚೀಲ ಎಣಿಸಿದೆ, ಇಪ್ಪತ್ತು ಮಂದಿಯ ಹಾಜರಿ ಬರೆದೆ, ಶನಿವಾರದ ಬಟವಾಡೆಯಲ್ಲಿ ಒಂದು ರೂಪಾಯಿ ತಪ್ಪದಂತೆ ಲೆಕ್ಕ ಒಪ್ಪಿಸಿದೆ ಎನ್ನಿರಿ. ಮಾಡಿದ್ದನ್ನೇ ಹೇಳಿರಿ, ಒಂದೊಂದಾಗಿ ಹೇಳಿರಿ. ಅದು ಬಯೋಡಾಟಾದಲ್ಲಿ ಮುಚ್ಚಿಡುವ ಗಾಯವಲ್ಲ, ಅನುಭವ. ಅಪ್ಪನ ಬಗ್ಗೆ ಕೇಳಿದರೆ ‘ದುಡಿದು ನನ್ನನ್ನು ಓದಿಸಿದ’ ಎಂದು ಒಂದೇ ಮಾತಿನಲ್ಲಿ ಮುಗಿಸಿ, ‘ಈ ಕೆಲಸಕ್ಕೆ ನಾನು ಕಲಿತದ್ದು ಇದು’ ಎಂದು ಮಾತನ್ನು ನಿಮ್ಮ ಕಡೆಗೆ ಎಳಕೊಳ್ಳಿರಿ. ಅಪ್ಪನನ್ನು ಮಾತ್ರ ಸುಳ್ಳು ಹೇಳಿ ಕೊಲ್ಲಬೇಡಿ.

ಹಳ್ಳಿಯ ಮೇಷ್ಟ್ರುಗಳೇ, ಸಂಜೆ ಶಾಲೆಯಲ್ಲಿ ಒಂದು ಮೇಜು ಹಾಕಿರಿ. ಹುಡುಗ ಹುಡುಗಿಯರನ್ನು ಈಚೆಯ ಕುರ್ಚಿಯಲ್ಲಿ ಒಮ್ಮೆ, ಆಚೆಯ ಕುರ್ಚಿಯಲ್ಲಿ ಒಮ್ಮೆ ಕೂಡಿಸಿರಿ. ಪ್ರಶ್ನೆ ಕೇಳಿ ರೂಢಿಯಾದವನಿಗೆ ಉತ್ತರದ ಅಂಜಿಕೆ ಹೋಗುತ್ತದೆ. ಪಗಾರ ಎಷ್ಟು, ಎಷ್ಟು ತಾಸು ದುಡಿತ, ಪಿ.ಎಫ್. ಕಟ್ಟುತ್ತೀರಾ ಎಂದು ತಿರುಗಿ ಕೇಳುವುದನ್ನೂ ಕಲಿಸಿರಿ.

ಆದರೆ ಬರೇ ತಾಲೀಮಿನಿಂದ ಅಗುಳಿ ತೆಗೆಯುವುದಿಲ್ಲ. ಕೇಳುವವರಿಗೂ ನೇಮ ಬೇಕು: ಎಲ್ಲರಿಗೂ ಒಂದೇ ಪ್ರಶ್ನೆ, ಕೆಲಸಕ್ಕೆ ಸಂಬಂಧಪಟ್ಟದ್ದೇ ಪ್ರಶ್ನೆ, ಯಾವುದಕ್ಕೆ ಎಷ್ಟು ಅಂಕ ಎಂಬುದು ಮೊದಲೇ ಕಾಗದದ ಮೇಲೆ. ಖಾಸಗಿ ರಂಗದಲ್ಲೂ ಮೀಸಲಾತಿ. ಇದಕ್ಕೆ ಸಂಘಟನೆ ಬೇಕು, ಬೀದಿ ಬೇಕು.

ಒಳ್ಳೆಯ ಉತ್ತರ ನಮ್ಮ ಹತ್ತಿರ ಇದ್ದೇ ಇದೆ. ಒಳ್ಳೆಯ ಪ್ರಶ್ನೆ ಕೇಳುವುದನ್ನು ಇನ್ನು ಅವರು ಕಲಿಯಲಿ.